ಓದುಗರ ಪ್ರಶ್ನೆ: ಕಪ್ಪು ಜನರ ಇತಿಹಾಸಕ್ಕೆ ಫೆಬ್ರವರಿ ಒಂದೇ ಸಾಕೇ?

ಪ್ರಶ್ನೆ: ಮಗಳು ಇಲ್ಲಿ ಅಮೆರಿಕದಲ್ಲಿ 7ನೇ ತರಗತಿ. ಇಲ್ಲಿ ಫೆಬ್ರವರಿ ಎಂದರೆ ಕಪ್ಪು ಜನರ ಇತಿಹಾಸದ ತಿಂಗಳು. ಫೆಬ್ರವರಿ ಬಂದರೆ ಶಾಲೆಯ ಗೋಡೆ ತುಂಬ ಮಾರ್ಟಿನ್ ಲೂಥರ್ ಕಿಂಗ್, ರೋಸಾ ಪಾರ್ಕ್ಸ್ ಚಿತ್ರಗಳು. ಮಾರ್ಚ್‌ನಲ್ಲಿ ಎಲ್ಲ ಮಾಯ. ಈ ಇತಿಹಾಸವನ್ನು ವರ್ಷವಿಡೀ ಕಲಿಸಿ ಎಂದು ಕೆಲವು ಪಾಲಕರು ಕೇಳುತ್ತಿದ್ದಾರೆ. ಹಾಗೆ ಮಾಡಿದರೆ ಉಳಿದ ಪಾಠಗಳಿಗೆ ಸಮಯ ಎಲ್ಲಿ?
— ತಾಯಿಯೊಬ್ಬರು, ನ್ಯೂಜೆರ್ಸಿ

ಉತ್ತರ: ವರ್ಷವಿಡೀ ಕಲಿಸಲೇಬೇಕು. ಅದಕ್ಕೆ ಒಂದು ಪೀರಿಯಡ್ ಕೂಡ ಹೆಚ್ಚಿಗೆ ಬೇಡ, ಈಗಿರುವ ಪಾಠಗಳನ್ನೇ ಪೂರ್ತಿಯಾಗಿ ಮಾಡಿದರೆ ಸಾಕು.

1926ರಲ್ಲಿ ಇತಿಹಾಸಕಾರ ಕಾರ್ಟರ್ ವುಡ್‌ಸನ್ ಫೆಬ್ರವರಿಯ ಒಂದು ವಾರವನ್ನು ಕಪ್ಪು ಜನರ ಇತಿಹಾಸಕ್ಕಾಗಿ ಆರಿಸಿಕೊಂಡರು. ಅಧ್ಯಕ್ಷ ಲಿಂಕನ್ ಮತ್ತು ಗುಲಾಮಗಿರಿಯ ವಿರುದ್ಧ ಹೋರಾಡಿದ ಕಪ್ಪು ನಾಯಕ ಫ್ರೆಡೆರಿಕ್ ಡಗ್ಲಸ್ ಇಬ್ಬರ ಜನ್ಮದಿನಗಳೂ ಆ ವಾರದಲ್ಲಿ ಬರುತ್ತವೆ. ವರ್ಷವೆಲ್ಲ ಕಲಿತದ್ದನ್ನು ಮಕ್ಕಳು ಆ ವಾರ ತೋರಿಸಲಿ ಎಂಬುದು ಅವರ ಉದ್ದೇಶ. 1976ರಲ್ಲಿ ವಾರ ತಿಂಗಳಾಯಿತು. ಆದರೆ ಎಷ್ಟೋ ಶಾಲೆಗಳಲ್ಲಿ ಕಲಿಕೆಯೇ ಆ ತಿಂಗಳಿಗೆ ಸೀಮಿತವಾಗಿ ಉಳಿದುಬಿಟ್ಟಿದೆ.

ಹತ್ತಿಯ ಪಾಠವನ್ನೇ ನೋಡಿ. ಬೀಜ ಬಿಡಿಸುವ ಯಂತ್ರ 1793ರಲ್ಲಿ ಬಂತು ಎಂದು ಎಲ್ಲ ಪುಸ್ತಕಗಳಲ್ಲೂ ಇರುತ್ತದೆ. ಯಂತ್ರ ಬಂದ ಮೇಲೆ ಗುಲಾಮರ ಸಂಖ್ಯೆ ಇಳಿಯಬೇಕಿತ್ತಲ್ಲವೇ? ಆದದ್ದು ತದ್ವಿರುದ್ಧ. ಬೀಜ ಬಿಡಿಸುವ ಕೆಲಸ ಸಲೀಸಾದದ್ದರಿಂದ ಹತ್ತಿ ಹೊಲಗಳು ಹಬ್ಬಿದವು. ಗಿಡದಿಂದ ಹತ್ತಿ ಬಿಡಿಸಲು ಮಾತ್ರ ಇನ್ನೂ ಕೈಗಳೇ ಬೇಕಿದ್ದವು. 1790ರ ಜನಗಣತಿಯಲ್ಲಿ ಸುಮಾರು 7 ಲಕ್ಷ ಇದ್ದ ಗುಲಾಮರು 1860ಕ್ಕೆ 39 ಲಕ್ಷ ದಾಟಿದ್ದರು. 1808ರಿಂದ ಹೊರಗಿನಿಂದ ತರುವುದಕ್ಕೆ ನಿಷೇಧವಿದ್ದ ಕಾರಣ, ವರ್ಜೀನಿಯಾದಂಥ ಕಡೆಯಿಂದ ತಾಯಿ-ಮಕ್ಕಳನ್ನು ಬೇರ್ಪಡಿಸಿ ದಕ್ಷಿಣದ ಹೊಲಗಳಿಗೆ ಮಾರಿದರು. ಇದನ್ನು ಬಿಟ್ಟರೆ ಹತ್ತಿಯ ಪಾಠವೇ ಅರ್ಧ.

ಸಂವಿಧಾನದ ಪಾಠವೂ ಅಷ್ಟೇ. ಲೋಕಸಂಖ್ಯೆಯ ಲೆಕ್ಕದಲ್ಲಿ ಐವರು ಗುಲಾಮರನ್ನು ಮೂವರೆಂದು ಎಣಿಸುವ ಕಲಮು 1787ರ ದಾಖಲೆಯಲ್ಲೇ ಇದೆ. ಒಂದು ಲಕ್ಷ ಗುಲಾಮರಿದ್ದರೆ ಲೆಕ್ಕಕ್ಕೆ 60 ಸಾವಿರ. ಗುಲಾಮರಿಗೆ ಮತವಿರಲಿಲ್ಲ. ಅವರ ತಲೆ ಎಣಿಸಿ ಹೆಚ್ಚಿದ ಸಂಸತ್ತಿನ ಸೀಟುಗಳು ಮಾಲೀಕರ ಪಾಲಿಗೆ.

ನಿಮ್ಮ ರಾಜ್ಯದಲ್ಲಿ 2002ರಲ್ಲೇ ಅಮಿಸ್ಟಾಡ್ ಕಾಯ್ದೆ ಬಂದಿದೆ. ಈ ಇತಿಹಾಸವನ್ನು ಸಮಾಜ ಪಾಠಗಳಲ್ಲಿ ಬೆರೆಸಿ ಕಲಿಸಬೇಕೆಂಬುದೇ ಅದರ ಆಶಯ. ಶಾಲೆಯವರನ್ನು "ಕಲಿಸುತ್ತೀರಾ?" ಎಂದು ಕೇಳಿದರೆ "ಹೌದು" ಎನ್ನುತ್ತಾರೆ, ಮಾತು ಅಲ್ಲಿಗೇ ಮುಗಿಯುತ್ತದೆ. ಅದರ ಬದಲು ವರ್ಷದ ಪಾಠಯೋಜನೆಯ ಪ್ರತಿ ಕೇಳಿ, ಯಾವ ತಿಂಗಳಲ್ಲಿ ಏನಿದೆ ಎಂದು ಗುರುತು ಹಾಕಿ. ಮೊದಲು ಶಿಕ್ಷಕರ ಹತ್ತಿರ ಹೋಗಿ, ಆಮೇಲೆ ಶಾಲಾ ಜಿಲ್ಲೆಯ ಸಮಾಜ ವಿಷಯದ ಮೇಲ್ವಿಚಾರಕರ ಹತ್ತಿರ. ಶಾಲಾ ಮಂಡಳಿಯ ಸಭೆ ಕೊನೆಗಿರಲಿ. ಇನ್ನೊಂದು ಮಾತು: ಏಷ್ಯಾದವರಿಗೆ ಬಾಗಿಲು ತೆರೆದ 1965ರ ವಲಸೆ ಕಾಯ್ದೆ ಬಂದದ್ದು ನಾಗರಿಕ ಹಕ್ಕುಗಳ ಹೋರಾಟದ ಕಾಲದಲ್ಲಿ, ಅದರ ಬಲದಿಂದ. ಅಮೆರಿಕದ ಕನ್ನಡ ಮನೆಗಳಿಗೂ ಇದು ಸ್ವಂತ ಇತಿಹಾಸವೇ.

ಪ್ರಶ್ನೆ: 1955ರಲ್ಲಿ ರೋಸಾ ಪಾರ್ಕ್ಸ್ ಬಿಳಿಯರಿಗೆ ಸೀಟು ಬಿಡದೆ ಬಂಧನಕ್ಕೊಳಗಾದ ಮೇಲೆ ಅಲಬಾಮಾದ ಮಾಂಟ್‌ಗೊಮರಿಯ ಕಪ್ಪು ಜನ ನಡೆಸಿದ ಬಸ್ ಬಹಿಷ್ಕಾರವನ್ನು ಎರಡು ಪೀರಿಯಡ್‌ನಲ್ಲಿ ಹೇಗೆ ಹೇಳಿಕೊಡಲಿ? ತಪ್ಪುವುದು ಎಲ್ಲಿ?
— ಶಿಕ್ಷಕಿ, ಟೆಕ್ಸಾಸ್

ಉತ್ತರ: "ದಣಿದ ಹೆಂಗಸೊಬ್ಬಳು ಸೀಟು ಬಿಡಲಿಲ್ಲ, ಕಾನೂನು ಬದಲಾಯಿತು" ಎಂದು ಮುಗಿಸುವುದೇ ದೊಡ್ಡ ತಪ್ಪು. ರೋಸಾ ಪಾರ್ಕ್ಸ್ ಹಕ್ಕುಗಳ ಸಂಘಟನೆಯೊಂದರ ಸ್ಥಳೀಯ ಕಾರ್ಯದರ್ಶಿಯಾಗಿದ್ದವರು. ಅವರಿಗಿಂತ ಒಂಬತ್ತು ತಿಂಗಳು ಮೊದಲೇ 15 ವರ್ಷದ ಕ್ಲಾಡೆಟ್ ಕಾಲ್ವಿನ್ ಇದೇ ಕಾರಣಕ್ಕೆ ಬಂಧನಕ್ಕೊಳಗಾಗಿದ್ದಳು. ನಿಮ್ಮ ಮಕ್ಕಳ ವಯಸ್ಸಿಗೆ ಅವಳೇ ಹತ್ತಿರ, ಅವಳಿಂದಲೇ ಶುರುಮಾಡಿ.

ಮೊದಲ ಪೀರಿಯಡ್‌ನಲ್ಲಿ 36 ಸೀಟಿನ ಬಸ್ಸಿನ ನಕ್ಷೆ ಬರೆಸಿ. ಮುಂದಿನ ಹತ್ತು ಸೀಟು ಬಿಳಿಯರಿಗೆ ಮೀಸಲು. ಅವು ತುಂಬಿದರೆ ಹಿಂದಿನವರನ್ನೂ ಎಬ್ಬಿಸಬಹುದಿತ್ತು. ಎರಡನೆಯದರಲ್ಲಿ ಒಂದೇ ಪ್ರಶ್ನೆ ಕೊಡಿ: ಊರಿನ ಸಾವಿರಾರು ಜನ ನಾಳೆಯಿಂದ ಬಸ್ ಹತ್ತದಿದ್ದರೆ ಕೆಲಸಕ್ಕೆ ಹೋಗುವುದು ಹೇಗೆ? ಮಕ್ಕಳು ಉತ್ತರ ಹುಡುಕಲಿ, ಆಮೇಲೆ ನಡೆದದ್ದನ್ನು ಹೇಳಿ. ಜೋ ಆನ್ ರಾಬಿನ್ಸನ್ ಎಂಬ ಕಾಲೇಜು ಅಧ್ಯಾಪಕಿ ರಾತ್ರೋರಾತ್ರಿ ಸಾವಿರಾರು ಕರಪತ್ರಗಳನ್ನು ಸೈಕ್ಲೋಸ್ಟೈಲ್ ಮಾಡಿಸಿದರು. ಟ್ಯಾಕ್ಸಿ ಓಡಿಸುವ ಕಪ್ಪು ಜನರು ಬಸ್ಸಿನ ದರಕ್ಕೇ, ಅಂದರೆ 10 ಸೆಂಟಿಗೆ, ಜನರನ್ನು ಒಯ್ದರು. ಕನಿಷ್ಠ 45 ಸೆಂಟ್ ತೆಗೆದುಕೊಳ್ಳಲೇಬೇಕೆಂದು ಊರಿನ ಆಡಳಿತ ಪಟ್ಟು ಹಿಡಿಯಿತು. ಆಗ ಸುಮಾರು 300 ಖಾಸಗಿ ಕಾರುಗಳ ಸರತಿ ಏರ್ಪಾಟಾಯಿತು. 381 ದಿನ ಹೀಗೇ ನಡೆಯಿತು. ಕೊನೆಗೆ ಸುಪ್ರೀಂ ಕೋರ್ಟಿನಲ್ಲಿ ಗೆದ್ದ ಮೊಕದ್ದಮೆಯನ್ನು ಹೂಡಿದ್ದು ನಾಲ್ವರು ಹೆಂಗಸರು, ಅವರಲ್ಲಿ ಕ್ಲಾಡೆಟ್ ಕೂಡ ಒಬ್ಬಳು.

ಗುಲಾಮರ ಹರಾಜಿನ ಅಭಿನಯ ಯಾವ ಕಾರಣಕ್ಕೂ ಬೇಡ. ಅದು ಪಾಠ ಕಲಿಸುವುದಿಲ್ಲ, ಮಕ್ಕಳಿಗೆ ಅವಮಾನವನ್ನಷ್ಟೇ ಮಾಡುತ್ತದೆ. ತರಗತಿಯ ಒಬ್ಬಳೇ ಕಪ್ಪು ಹುಡುಗಿಯತ್ತ ತಿರುಗಿ "ನಿಮ್ಮವರಿಗೆ ಏನನ್ನಿಸುತ್ತದೆ?" ಎಂದು ಕೇಳುವುದೂ ಬೇಡ.

ಪ್ರಶ್ನೆ: ನಮ್ಮ ಕಡೆ ಶಾಲೆಗಳಲ್ಲಿ ಸಿದ್ದಿ ಮಕ್ಕಳಿದ್ದಾರೆ. ಈ ವಿಷಯ ನಮಗೂ ಸಂಬಂಧಿಸಿದ್ದೇ?
— ಶಿಕ್ಷಕರು, ಶಿರಸಿ

ಉತ್ತರ: ಸಂಬಂಧವಿದೆ. ಆದರೆ ಅಮೆರಿಕದ ಕಥೆಯನ್ನು ಯಲ್ಲಾಪುರ, ಹಳಿಯಾಳಕ್ಕೆ ಅಂಟಿಸಬೇಡಿ. ಸಿದ್ದಿಗಳ ಪೂರ್ವಜರಲ್ಲಿ ಹಲವರನ್ನು ಆಫ್ರಿಕಾದಿಂದ ಗೋವೆಗೆ ತಂದವರು ಪೋರ್ಚುಗೀಸರು. ಅಲ್ಲಿಂದ ತಪ್ಪಿಸಿಕೊಂಡವರು ಸಹ್ಯಾದ್ರಿಯ ಕಾಡು ಸೇರಿದರು. ಪೋರ್ಚುಗೀಸರ ಪಾಠ ಬಂದಾಗ ಮೆಣಸಿನ ವ್ಯಾಪಾರದ ಜೊತೆ ಮನುಷ್ಯರ ವ್ಯಾಪಾರವನ್ನೂ ಹೇಳಿ. ಆದಿಲ್‌ಶಾಹಿಗಳ ಪಾಠದಲ್ಲಿ ವಿಜಯಪುರದ ಆಸ್ಥಾನದಲ್ಲಿ ಅಧಿಕಾರ ನಡೆಸಿದ ಆಫ್ರಿಕಾ ಮೂಲದ ಇಖ್ಲಾಸ್ ಖಾನ್‌ನ ಹೆಸರು ಬರಲಿ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದನ್ನೂ 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿನ ಸದಸ್ಯರಾದದ್ದನ್ನೂ ಪೌರನೀತಿಯ ಪಾಠದಲ್ಲಿ ಸೇರಿಸಬಹುದು. ವಾರ್ಷಿಕೋತ್ಸವಕ್ಕೆ ಸಿದ್ದಿ ಮಕ್ಕಳಿಂದ ಕುಣಿತ ಮಾಡಿಸಿ, ವರ್ಷವಿಡೀ ಪಾಠದಲ್ಲಿ ಅವರ ಹೆಸರೇ ಎತ್ತದಿರುವುದು ಮಾತ್ರ ನಿಲ್ಲಬೇಕು.