ಪಿನ್‌ಕೋಡ್ ಕೂಡಿದರೆ ಒಂಬತ್ತು, ಆದರೇನು?

ಪ್ರಶ್ನೆ: ನಮ್ಮ ಅಂಗಡಿ ಮಂಗಳೂರಿನ ಪಾಂಡೇಶ್ವರದಲ್ಲಿದೆ. ಪಿನ್‌ಕೋಡ್ 575001. ಅಂಕಿಗಳನ್ನು ಕೂಡಿದರೆ 18, ಮತ್ತೆ ಕೂಡಿದರೆ 9. ಇದು ಭಾರೀ ಶಕ್ತಿಯ ಸಂಖ್ಯೆ ಅಂತ ಸಂಖ್ಯಾಶಾಸ್ತ್ರದವರೊಬ್ಬರು ಹೇಳಿದರು. ಗಣಿತ ಏನು ಹೇಳುತ್ತದೆ ಸರ್?

ಈ ಒಂಬತ್ತಿನ ಪ್ರಶ್ನೆ ಬಾರದ ತಿಂಗಳಿಲ್ಲ. ಕೆಎ 19 ಕಾರಿನ ನಂಬರ್ ಆಯಿತು, ಮೊಬೈಲ್ ನಂಬರ್ ಆಯಿತು, ಈಗ ಪಿನ್‌ಕೋಡ್! ಕೂಡಿದಾಗ 9 ಬಂದರೆ ಆ ಸಂಖ್ಯೆ 9ರಿಂದ ಭಾಗವಾಗುತ್ತದೆ, ಅಷ್ಟೇ. 10, 100, 1000 ಯಾವುದನ್ನೇ 9ರಿಂದ ಭಾಗಿಸಿ, ಶೇಷ 1. ಹಾಗಾಗಿ ಸಂಖ್ಯೆಯ ಶೇಷವೂ ಅದರ ಅಂಕಿಗಳ ಮೊತ್ತದ ಶೇಷವೂ ಒಂದೇ. 574992ಕ್ಕೂ ಈ 'ಶಕ್ತಿ' ಇದೆ, 575010ಕ್ಕೂ ಇದೆ. ಒಂಬತ್ತಕ್ಕೊಂದರಂತೆ ಸಿಗುವುದಕ್ಕೆ ಸುಮ್ನೆ ದುಡ್ಡು ಕೊಡಬೇಡಿ.

ಸ್ವಾರಸ್ಯ ಇರುವುದು ಬೇರೆ ಕಡೆ. ಸಂಖ್ಯೆಯನ್ನು ಮೂರು ಮೂರು ಅಂಕಿಯಾಗಿ ಒಡೆಯಿರಿ: 575, 001. ಕಳೆದರೆ 574. ಇದು 7 × 82. 11ರಿಂದಲೂ 13ರಿಂದಲೂ ಭಾಗವಾಗುವುದಿಲ್ಲ. 7 × 11 × 13 = 1001 ಆಗಿರುವುದರಿಂದ ಈ ಮೂರೂ ಸಂಖ್ಯೆಗಳ ಪರೀಕ್ಷೆ ಹೀಗೆ ಒಂದೇ ಏಟಿಗೆ ಮುಗಿಯುತ್ತದೆ. ಈಗ 9 ಮತ್ತು 7 ಎರಡನ್ನೂ ತೆಗೆದರೆ ಉಳಿಯುವುದು 9127.

ಈ 9127 ಮಹಾ ಚಾಲಾಕಿ. 13ರಿಂದ ಭಾಗಿಸಿದರೆ ಶೇಷ 1, 73ರಿಂದ ಶೇಷ 2. ಸ್ವಲ್ಪದರಲ್ಲೇ ತಪ್ಪಿಸಿಕೊಳ್ಳುತ್ತದೆ. ಕೆಲವರು 9126ರವರೆಗೂ ಭಾಗಿಸುತ್ತಾ ಕೂರುತ್ತಾರೆ. ಯಾಕೆ ಮಾರಾಯ್ರೆ? 96 × 96 ಆಗಲೇ 9216. ಹಾಗಾಗಿ 89ರವರೆಗಿನ ಅವಿಭಾಜ್ಯ ಸಂಖ್ಯೆಗಳನ್ನು ನೋಡಿದರೆ ಸಾಕು. ಯಾವುದರಿಂದಲೂ ಭಾಗವಾಗುವುದಿಲ್ಲ, 9127 ಅವಿಭಾಜ್ಯ.

ಅಲ್ಲಿಗೆ 575001 = 3 × 3 × 7 × 9127. ಭಾಜಕಗಳು 12. 7 ಒಂಟಿಯಾಗಿರುವುದರಿಂದ ವರ್ಗಸಂಖ್ಯೆ ಅಲ್ಲ. ಪಾಂಡೇಶ್ವರದ ಪಿನ್‌ಕೋಡಿನ ಜಾತಕ ಇಷ್ಟೇ. ಅದರಲ್ಲಿ ವ್ಯಾಪಾರದ ಸುದ್ದಿ ಇಲ್ಲ.

ಪ್ರಶ್ನೆ: ಸಂಖ್ಯೆಯ ವರ್ಗಕ್ಕೆ ಅದೇ ಸಂಖ್ಯೆ ಮತ್ತು 41 ಕೂಡಿದರೆ ಯಾವಾಗಲೂ ಅವಿಭಾಜ್ಯ ಬರುತ್ತದೆ. ಇದನ್ನು ನಾನೇ ಕಂಡುಹಿಡಿದೆ. (ಉಡುಪಿ)

ಆಯ್ಲರ್ ಇದನ್ನು 18ನೇ ಶತಮಾನದಲ್ಲೇ ಗಮನಿಸಿದ್ದ. 40 ಹಾಕಿ ನೋಡಿ: 1681, ಅಂದರೆ 41 × 41.

ಪ್ರಶ್ನೆ: ಎಲ್ಲಕ್ಕಿಂತ ದೊಡ್ಡ ಅವಿಭಾಜ್ಯ ಯಾವುದು?

ಅಂಥದ್ದಿಲ್ಲ. ಯೂಕ್ಲಿಡ್ ಎರಡು ಸಾವಿರ ವರ್ಷಗಳ ಹಿಂದೆಯೇ ಸಾಧಿಸಿ ತೋರಿಸಿದ್ದಾನೆ. 2024ರಲ್ಲಿ ಸಿಕ್ಕಿದ್ದಕ್ಕೆ 4,10,24,320 ಅಂಕಿಗಳಿವೆ, ಅದಕ್ಕಿಂತ ದೊಡ್ಡದು ಇದ್ದೇ ಇದೆ.

ಪ್ರಶ್ನೆ: ಎಕ್ಸೆಲ್‌ನಲ್ಲಿ 16 ಅಂಕಿಯ ಯಾವ ಸಂಖ್ಯೆ ಹಾಕಿದರೂ 10ರಿಂದ ಭಾಗವಾಗುತ್ತದೆ. ಏನು ಕಾರಣ?

ಎಕ್ಸೆಲ್ 15 ಅಂಕಿಗಳನ್ನಷ್ಟೇ ಉಳಿಸಿಕೊಳ್ಳುತ್ತದೆ, ಕೊನೆಯದಕ್ಕೆ 0 ಹಾಕುತ್ತದೆ. ಅದನ್ನು ಪ್ರಮೇಯ ಅಂತ ನನಗೆ ಕಳುಹಿಸಬೇಡಿ.