ಮಗು ಮಲಗಿದೆ, ಅಮ್ಮನಿಗೆ ನಿದ್ದೆ ಇಲ್ಲ

ಓದುಗರೊಬ್ಬರ ಪತ್ರ: "ಮಗುವಿಗೆ ಎರಡೂವರೆ ತಿಂಗಳು. ರಾತ್ರಿ ಅದು ಮಲಗಿದರೂ ನನಗೆ ನಿದ್ದೆ ಬರುವುದಿಲ್ಲ. ಉಸಿರಾಡುತ್ತಿದೆಯಾ ಅಂತ ಮೂಗಿನ ಹತ್ತಿರ ಬೆರಳಿಟ್ಟು ಮತ್ತೆ ಮತ್ತೆ ನೋಡುತ್ತೇನೆ. ಎತ್ತಿಕೊಂಡು ಮೆಟ್ಟಿಲು ಇಳಿಯುವಾಗ ಕೈ ಜಾರಿದರೆ, ಅಥವಾ ನಾನೇ ಎಸೆದುಬಿಟ್ಟರೆ ಅನ್ನುವ ಯೋಚನೆ ಬರುತ್ತದೆ. ಈಗ ಮೆಟ್ಟಿಲ ಹತ್ತಿರ ಹೋಗುವುದನ್ನೇ ಬಿಟ್ಟಿದ್ದೇನೆ. ಗಂಡ ಸುಮ್ನೆ ತಲೆ ಕೆಡಿಸಿಕೊಳ್ಳಬೇಡ ಅನ್ನುತ್ತಾರೆ. ಡಾಕ್ಟರಿಗೆ ಹೇಳಿದರೆ ಹುಚ್ಚು ಅಂದುಬಿಡುತ್ತಾರೇನೋ. ಮಾತ್ರೆ ಕೊಟ್ಟರೆ ಹಾಲು ಬಿಡಿಸಬೇಕಾಗುತ್ತದಲ್ವಾ? ನಾನು ಕೆಟ್ಟ ತಾಯಿನಾ? ದಯವಿಟ್ಟು ಹೆಸರು ಹಾಕಬೇಡಿ."

ಸಂಪಾದಕರ ಉತ್ತರ:

ಹೆಸರು ಹಾಕಿಲ್ಲ, ನಿಶ್ಚಿಂತೆಯಿಂದ ಓದಿ. ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಇಲ್ಲ, ನೀವು ಕೆಟ್ಟ ತಾಯಿ ಅಲ್ಲ.

ಆ ಮೆಟ್ಟಿಲ ಯೋಚನೆ ಇದೆಯಲ್ಲ, ಅದು ನಿಮ್ಮೊಬ್ಬರಿಗೇ ಬಂದದ್ದಲ್ಲ. ಕೂಸಿಗೆ ಏನೋ ಆಗಿಬಿಡುತ್ತದೆ ಅನ್ನುವ ಬೇಡದ ಯೋಚನೆ ಹೊಸ ತಾಯಂದಿರಲ್ಲಿ ಬಹುಪಾಲು ಜನರಿಗೆ ಒಂದಲ್ಲ ಒಂದು ಹೊತ್ತಿನಲ್ಲಿ ಬರುತ್ತದೆ. ನನ್ನ ಕೈಯಿಂದಲೇ ಏನಾದರೂ ಆಗಿಬಿಟ್ಟರೆ ಅನ್ನುವ ಯೋಚನೆಯೂ ಅಪರೂಪವಲ್ಲ. ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ಅಷ್ಟೇ. ಹೇಳದೆ ಇರುವುದರಿಂದ ಪ್ರತಿಯೊಬ್ಬಳೂ ನಾನೊಬ್ಬಳೇ ಹೀಗೆ ಅಂದುಕೊಳ್ಳುತ್ತಾಳೆ. ಹೀಗೆ ಮಾಡಬೇಕು ಅನ್ನುವ ಆಸೆಯೇ ಬೇರೆ, ಹೀಗಾಗಿಬಿಟ್ಟರೆ ಅನ್ನುವ ಭಯವೇ ಬೇರೆ. ಯೋಚನೆ ಬಂದ ಕೂಡಲೇ ನಿಮ್ಮ ಎದೆ ಝಲ್ ಅಂದು, ಮೆಟ್ಟಿಲನ್ನೇ ಬಿಟ್ಟು ಓಡಾಡುತ್ತಿದ್ದೀರಿ ಅಂದರೆ ಅದು ಭಯ.

ಇನ್ನು ಮೂಗಿನ ಹತ್ತಿರ ಬೆರಳಿಡುವ ವಿಷಯ. ಎಳೆ ಮಕ್ಕಳ ಉಸಿರು ದೊಡ್ಡವರ ಹಾಗೆ ಒಂದೇ ಸಮನೆ ಇರುವುದಿಲ್ಲ. ಸ್ವಲ್ಪ ಹೊತ್ತು ಬೇಗ ಬೇಗ ಆಡುತ್ತದೆ, ಆಮೇಲೆ 5ರಿಂದ 10 ಸೆಕೆಂಡು ನಿಂತ ಹಾಗಾಗುತ್ತದೆ, ಮತ್ತೆ ಶುರುವಾಗುತ್ತದೆ. ಮೊದಲ ಕೆಲವು ತಿಂಗಳು ಇದು ಸಹಜ. ನೀವು ಬೆರಳಿಟ್ಟದ್ದು ಆ ಕ್ಷಣಕ್ಕೇ ಆಗಿದ್ದರೆ ಜೀವ ಬಾಯಿಗೆ ಬರದೆ ಇನ್ನೇನು! ಉಸಿರು 20 ಸೆಕೆಂಡು ನಿಂತರೆ, ತುಟಿ ನೀಲಿಯಾದರೆ, ಉಸಿರೆಳೆಯುವಾಗ ಪಕ್ಕೆಲುಬು ಒಳಗೆ ಸೆಳೆದುಕೊಂಡರೆ ಆಸ್ಪತ್ರೆಗೆ ಓಡಬೇಕು. ತೊಂದರೆ ಏನೆಂದರೆ, ನೋಡಿದಾಗಲೆಲ್ಲ ಸಿಗುವ ಸಮಾಧಾನ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಮತ್ತು ನಾನು ನೋಡಿದ್ದಕ್ಕೇ ಮಗು ಉಳಿಯಿತು ಅಂತ ಮನಸ್ಸು ಲೆಕ್ಕ ಹಾಕಿಕೊಳ್ಳುತ್ತದೆ, ಆದ್ದರಿಂದ ಮುಂದಿನ ಸಲ ನೋಡದೆ ಇರುವುದು ಇನ್ನೂ ಕಷ್ಟವಾಗುತ್ತದೆ. ಮೆಟ್ಟಿಲಿಂದ ದೂರ ಇರುವುದೂ ಇದೇ ಥರದ್ದು. ಭಯಕ್ಕೆ ನಾವೇ ಅನ್ನ ಹಾಕಿ ಸಾಕಿದ ಹಾಗೆ.

ಹಾಗಂತ ಇವತ್ತಿನಿಂದ ನೋಡುವುದನ್ನೇ ಬಿಡಿ ಅಂದರೆ ಆಗುವ ಮಾತಲ್ಲ. ನಿಜವಾಗಿ ಅಪಾಯ ತಪ್ಪಿಸುವ ಕೆಲಸಗಳನ್ನು ಮೊದಲೇ ಮಾಡಿ ಮುಗಿಸಿ. ಮಗುವನ್ನು ಅಂಗಾತ ಮಲಗಿಸಿ. ಹಾಸಿಗೆ ಗಟ್ಟಿಯಾಗಿ, ಸಮತಟ್ಟಾಗಿ ಇರಲಿ. ದಿಂಬು, ದಪ್ಪ ಹೊದಿಕೆ, ಗೊಂಬೆ ಯಾವುದೂ ಹತ್ತಿರ ಬೇಡ. ಮಗು ಮಲಗುವ ಕೋಣೆಯಲ್ಲಿ ಅಂತಲ್ಲ, ಮನೆಯೊಳಗೇ ಯಾರೂ ಸಿಗರೇಟು ಸೇದುವುದು ಬೇಡ. ಅಮೆರಿಕದಲ್ಲಿ 1994ರಲ್ಲಿ ಅಂಗಾತ ಮಲಗಿಸಿ ಅಂತ ಪ್ರಚಾರ ಶುರುವಾದ ಮೇಲೆ ಕೆಲವೇ ವರ್ಷಗಳಲ್ಲಿ ನಿದ್ದೆಯಲ್ಲಿ ಆಗುವ ಹಠಾತ್ ಸಾವುಗಳು ಸುಮಾರು ಅರ್ಧಕ್ಕೆ ಇಳಿದವು. ಇಷ್ಟು ಮಾಡಿದ ಮೇಲೆ, ಬೆರಳಿಡಬೇಕು ಅನ್ನಿಸಿದಾಗ ಐದು ನಿಮಿಷ ತಡೆದು ನೋಡಿ. ಆಮೇಲೆ ಹತ್ತು ನಿಮಿಷ. ಆ ಹೊತ್ತಿನಲ್ಲಿ ಎದೆ ಢವಢವ ಅನ್ನುತ್ತದೆ, ಏರುತ್ತದೆ, ತಾನಾಗಿಯೇ ಇಳಿಯುತ್ತದೆ. ಒಬ್ಬರೇ ಮಾಡಲು ಆಗದಿದ್ದರೆ ಮನೋವೈದ್ಯರು, ಆಪ್ತಸಮಾಲೋಚಕರು ಇದನ್ನೇ ಹಂತ ಹಂತವಾಗಿ ಕಲಿಸುತ್ತಾರೆ.

ನಿದ್ದೆಯ ಬಗ್ಗೆ ಮಾತ್ರ ನಾನು ಸ್ವಲ್ಪ ಜಬರ್ದಸ್ತಿ ಮಾಡುತ್ತೇನೆ. ನಿದ್ದೆಗೆಟ್ಟ ತಲೆಯಲ್ಲಿ ಯಾವ ಧೈರ್ಯದ ಮಾತೂ ನಿಲ್ಲುವುದಿಲ್ಲ. ದಿನಕ್ಕೆ ಒಂದು ಸಲವಾದರೂ ನಾಲ್ಕೈದು ಗಂಟೆ ಒಂದೇ ಸಮನೆ ಮಲಗುವ ವ್ಯವಸ್ಥೆ ಆಗಬೇಕು. ಹಾಲು ಹಿಂಡಿ ಇಟ್ಟು ಆ ಹೊತ್ತಿನ ಪಾಳಿ ಗಂಡನಿಗೆ ಬಿಡಿ, ನೀವು ಬೇರೆ ಕೋಣೆಯಲ್ಲಿ ಮಲಗಿ. "ಮಗು ಮಲಗಿದಾಗ ನೀನೂ ಮಲಗು" ಅನ್ನುವ ಸಲಹೆ ಕೊಡುವವರು ಯಾರೂ ಆತಂಕದಲ್ಲಿ ಕಣ್ಣು ಮುಚ್ಚಿ ನೋಡಿದವರಲ್ಲ ಅಂತ ನನ್ನ ಗುಮಾನಿ. ಅಷ್ಟು ವ್ಯವಸ್ಥೆ ಮಾಡಿ, ಯಾರೋ ನೋಡಿಕೊಳ್ಳುತ್ತಿದ್ದಾರೆ ಅಂತ ಗೊತ್ತಿದ್ದೂ ನಿದ್ದೆ ಬರದಿದ್ದರೆ, ವೈದ್ಯರ ಹತ್ತಿರ ಹೋಗಲು ಅದೊಂದೇ ಕಾರಣ ಸಾಕು.

ಹೆರಿಗೆಯಾದ ಎರಡು ಮೂರು ದಿನಕ್ಕೆ ಶುರುವಾಗುವ ಅಳು, ಸಿಡಿಮಿಡಿ ಸಾಮಾನ್ಯವಾಗಿ ಎರಡು ವಾರದೊಳಗೆ ಹೋಗುತ್ತದೆ. ನಿಮ್ಮದು ಎರಡೂವರೆ ತಿಂಗಳು. ಈ ಆತಂಕಕ್ಕೆ ಚಿಕಿತ್ಸೆ ಬೇಕು, ಇದೆ, ಕೆಲಸವೂ ಮಾಡುತ್ತದೆ. ಥೈರಾಯ್ಡ್ ಮತ್ತು ರಕ್ತಹೀನತೆಯ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ಹೆರಿಗೆಯ ನಂತರದ ತಿಂಗಳುಗಳಲ್ಲಿ ಕೆಲವರಿಗೆ ಥೈರಾಯ್ಡ್ ಏರುಪೇರಾಗಿ ಎದೆ ಹೊಡೆದುಕೊಳ್ಳುವುದು, ಕೈ ನಡುಗುವುದು, ಗಾಬರಿ ಎಲ್ಲ ಅದರಿಂದಲೇ ಬಂದಿರುತ್ತದೆ. ವೈದ್ಯರು ಹೆರಿಗೆಯ ನಂತರದ ಖಿನ್ನತೆಯನ್ನು ಗುರುತಿಸಲು ಬಳಸುವ ಎಡಿನ್‌ಬರೊ ಪ್ರಶ್ನಾವಳಿ ಕೊಡಬಹುದು. 1987ರಿಂದ ಬಳಕೆಯಲ್ಲಿದೆ, ಕಳೆದ ಏಳು ದಿನಗಳ ಬಗ್ಗೆ 10 ಪ್ರಶ್ನೆ ಇರುತ್ತದೆ, ಗಾಬರಿಯ ಬಗ್ಗೆಯೂ ಕೇಳುತ್ತದೆ. ಚೆನ್ನಾಗಿದ್ದೇನೆ ಅಂತ ತೋರಿಸಿಕೊಳ್ಳಲು ಉತ್ತರ ಬರೆಯಬೇಡಿ. ಮೆಟ್ಟಿಲ ಮಾತು ಬಾಯಲ್ಲಿ ಬರದಿದ್ದರೆ ನನಗೆ ಬರೆದದ್ದನ್ನೇ ಅವರ ಕೈಗೆ ಕೊಡಿ. ಈ ವಿಷಯ ತಿಳಿದ ವೈದ್ಯರು ಹುಚ್ಚು ಅನ್ನುವುದಿಲ್ಲ. ಯಾರಾದರೂ ಹಾಗೆ ತಳ್ಳಿಹಾಕಿದರೆ ಬೇರೆಯವರ ಹತ್ತಿರ ಹೋಗಿ.

ಕಾಯಬಾರದ ಸಂದರ್ಭವೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಮಗುವಿಗೆ ಏನಾದರೂ ಮಾಡುವುದೇ ಸರಿ ಅನ್ನಿಸತೊಡಗಿದರೆ, ಯಾರೂ ಇಲ್ಲದಾಗ ಮಾತು ಕೇಳಿಸಿದರೆ, ನಿದ್ದೆಯೇ ಇಲ್ಲದೆ ಅದು ಬೇಕು ಅಂತಲೂ ಅನ್ನಿಸದಿದ್ದರೆ, ಸಾಯುವ ಯೋಚನೆ ಬಂದರೆ, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅಲ್ಲಿಯವರೆಗೆ ತಾಯಿ, ಮಗು ಇಬ್ಬರನ್ನೇ ಬಿಡಬಾರದು. ನಿಮ್ಮ ಪತ್ರದಲ್ಲಿ ಇಂಥದ್ದು ಕಾಣುತ್ತಿಲ್ಲ.

ಮಾತ್ರೆಗೆ ಹಾಲು ಬಿಡಿಸಲೇಬೇಕು ಅಂತೇನಿಲ್ಲ. ಆತಂಕ, ಖಿನ್ನತೆಗೆ ಕೊಡುವ ಸರ್ಟ್ರಲಿನ್ ಅನ್ನುವ ಔಷಧಿ ಎದೆಹಾಲಿಗೆ ಬರುವುದು ತುಂಬ ಕಡಿಮೆ, ಹಾಗಾಗಿ ಹಾಲೂಡಿಸುವ ತಾಯಂದಿರಿಗೆ ಅದನ್ನು ಹೆಚ್ಚಾಗಿ ಕೊಡುತ್ತಾರೆ. ಪೂರ್ತಿ ಗುಣ ಕಾಣಲು ಕೆಲವು ವಾರ ಬೇಕು, ನಡುವೆ ನೀವಾಗಿಯೇ ನಿಲ್ಲಿಸಬಾರದು. ಮಾತ್ರೆಯೇ ಬೇಕಾ, ಮಾತಿನ ಚಿಕಿತ್ಸೆ ಸಾಕಾ ಅನ್ನುವುದನ್ನು ವೈದ್ಯರು ನಿಮ್ಮ ಜೊತೆ ಕೂತು ತೀರ್ಮಾನಿಸಲಿ.

ಈ ಪುಟವನ್ನು ನಿಮ್ಮ ಯಜಮಾನರಿಗೂ ಓದಲು ಕೊಡಿ. ಸ್ವಾಮಿ, ತಲೆ ಕೆಡಿಸಿಕೊಳ್ಳಬೇಡ ಅಂದರೆ ನಿಲ್ಲುವ ಹಾಗಿದ್ದರೆ ನಿಮ್ಮ ಹೆಂಡತಿ ಯಾವತ್ತೋ ನಿಲ್ಲಿಸುತ್ತಿದ್ದರು. ರಾತ್ರಿಯ ಪಾಳಿ ವಹಿಸಿಕೊಳ್ಳಿ, ಈ ವಾರವೇ ವೈದ್ಯರ ಹತ್ತಿರ ಸಮಯ ಗೊತ್ತುಮಾಡಿ, ಜೊತೆಗೆ ಹೋಗಿ. ಅಂದ ಹಾಗೆ ಈ ಆತಂಕ ತಂದೆಯರಿಗೂ ಬರುತ್ತದೆ. ನಿಮಗೂ ರಾತ್ರಿ ಎಚ್ಚರವಾಗುತ್ತಿದ್ದರೆ ಅದನ್ನೂ ಅಲ್ಲೇ ಹೇಳಿಬಿಡಿ.