ಮಾರ್ಫಿನ್ ಮಾತ್ರೆ ಬಿಟ್ಟು ಫೆಂಟನಿಲ್ ಪ್ಯಾಚ್ ಹಾಕಿದ ಮೊದಲ ರಾತ್ರಿಯೇ ಅಪ್ಪನಿಗೆ ನೋವು ಜಾಸ್ತಿ. ಇನ್ನೊಂದು ಪ್ಯಾಚ್ ಹಚ್ಚಬಹುದಾ?

ಬೇಡ. ಡಾಕ್ಟರನ್ನು ಕೇಳದೆ ಎರಡನೇ ಪ್ಯಾಚ್ ಹಚ್ಚಲೇಬೇಡಿ. ಮೊದಲು ಇದನ್ನು ಹೇಳಿಬಿಡುತ್ತೇನೆ, ಯಾಕೆ ಅಂತ ಆಮೇಲೆ.

ನಾನು ಬೆಂಗಳೂರಿನಲ್ಲಿ ಪ್ಯಾಲಿಯೇಟಿವ್ ಕೇರ್ (ದೊಡ್ಡ ಕಾಯಿಲೆಯವರ ನೋವು, ಸಂಕಟ ಕಮ್ಮಿ ಮಾಡುವ ಆರೈಕೆ) ನರ್ಸ್. ರೋಗಿಗಳ ಮನೆಗೇ ಹೋಗಿ ನೋಡುವ ಕೆಲಸ. ನೀವು ಬರೆದಿರುವುದು ಇಷ್ಟು: ಅಪ್ಪನಿಗೆ ಗಂಟಲಿನ ಕ್ಯಾನ್ಸರ್. 12 ಗಂಟೆಗೊಂದರಂತೆ 30 ಮಿ.ಗ್ರಾಂ. ಮಾರ್ಫಿನ್ ಎಸ್‌ಆರ್ (ಔಷಧಿಯನ್ನು ನಿಧಾನವಾಗಿ ಬಿಡುವ) ಮಾತ್ರೆ ತಗೊಳ್ತಿದ್ದರು. ಈಗ ನುಂಗುವುದು ಕಷ್ಟವಾಗಿ ಡಾಕ್ಟರ್ 25ರ ಫೆಂಟನಿಲ್ ಪ್ಯಾಚ್ ಕೊಟ್ಟಿದ್ದಾರೆ. ನಿನ್ನೆ ಸಂಜೆ ಹಚ್ಚಿದಿರಿ, ರಾತ್ರಿಯಿಡೀ ನರಳಾಡಿದರು. ಪ್ಯಾಚ್ ಡೂಪ್ಲಿಕೇಟಾ, ಡೋಸ್ ಸಾಲದಾ ಅಂತ ನಿಮ್ಮ ಅನುಮಾನ.

ಡೋಸ್ ಲೆಕ್ಕ ತಪ್ಪಿದಂತೆ ಕಾಣುವುದಿಲ್ಲ. ದಿನಕ್ಕೆ ಒಟ್ಟು 60 ಮಿ.ಗ್ರಾಂ. ಮಾರ್ಫಿನ್ ತಗೊಳ್ಳುವವರಿಗೆ ಗಂಟೆಗೆ 25 ಮೈಕ್ರೋಗ್ರಾಂ ಬಿಡುವ ಪ್ಯಾಚ್‌ನಿಂದ ಶುರು ಮಾಡುವುದು ಎಲ್ಲ ಕಡೆ ಇರುವ ರೂಢಿ. ತೊಂದರೆ ಇರುವುದು ಸಮಯದಲ್ಲಿ. ಪ್ಯಾಚ್‌ನ ಔಷಧಿ ನೇರವಾಗಿ ರಕ್ತಕ್ಕೆ ಹೋಗುವುದಿಲ್ಲ. ಮೊದಲು ಚರ್ಮದಲ್ಲಿ ಸೇರಿಕೊಳ್ಳುತ್ತದೆ, ಅಲ್ಲಿಂದ ಮೆಲ್ಲಗೆ ಇಳಿಯುತ್ತದೆ. ನೋವಿಗೆ ಸರಿಯಾಗಿ ತಾಗಲು 12ರಿಂದ 24 ಗಂಟೆ ಬೇಕು. ಅಷ್ಟರೊಳಗೆ ಹಳೇ ಮಾರ್ಫಿನ್ ಇಳಿದುಹೋಗಿರುತ್ತದೆ. ಈ ನಡುವಿನ ರಾತ್ರಿಯೇ ನಿಮ್ಮ ಅಪ್ಪ ಕಳೆದ ರಾತ್ರಿ. ಅದಕ್ಕೇ ಕೊನೆಯ ಎಸ್‌ಆರ್ ಮಾತ್ರೆಯನ್ನು ಸಾಮಾನ್ಯವಾಗಿ ಪ್ಯಾಚ್ ಹಚ್ಚುವ ಹೊತ್ತಿಗೇ ಕೊಡಿಸುತ್ತಾರೆ. ಅದರ 12 ಗಂಟೆ ಮುಗಿಯುವಷ್ಟರಲ್ಲಿ ಇದು ಹಿಡಿದಿರುತ್ತದೆ. ನಿಮ್ಮಲ್ಲಿ ಹಾಗೆ ಕೊಟ್ಟಿದ್ದರಾ, ಅಥವಾ ಬೆಳಿಗ್ಗೆಯೇ ಮಾತ್ರೆ ನಿಲ್ಲಿಸಿಬಿಟ್ಟಿದ್ದರಾ ಅಂತ ನೀವು ಬರೆದಿಲ್ಲ.

ಈಗ ಎರಡನೆಯದನ್ನು ಹಚ್ಚಿದರೆ ಈ ರಾತ್ರಿ ನಿಮಗೆ ಏನೂ ವ್ಯತ್ಯಾಸ ಕಾಣುವುದಿಲ್ಲ. ಆದರೆ ನಾಳೆ, ನಾಡಿದ್ದು ಎರಡೂ ಸೇರಿ ಏರುತ್ತವೆ. ಮೊದಲ ಪ್ಯಾಚ್‌ನ ಔಷಧಿ ರಕ್ತದಲ್ಲಿ ಅತಿ ಜಾಸ್ತಿ ಇರುವುದು ಎರಡನೇ, ಮೂರನೇ ದಿನ. ಆಗ ಗಾಬರಿಯಾಗಿ ಕಿತ್ತೆಸೆದರೂ ತಕ್ಷಣ ಇಳಿಯುವುದಿಲ್ಲ. ಅರ್ಧದಷ್ಟು ಇಳಿಯಲೇ ಸುಮಾರು 17 ಗಂಟೆ, ಕೆಲವರಿಗೆ ಇನ್ನೂ ಜಾಸ್ತಿ ಹಿಡಿಯುತ್ತದೆ. ಮೊದಲ ಮೂರು ದಿನ ಮುಗಿಯುವ ಮುಂಚೆ ಡಾಕ್ಟರು ಪ್ಯಾಚ್‌ನ ಡೋಸ್ ಏರಿಸದೇ ಇರುವುದು ಇದಕ್ಕೇ.

ಹಾಗಂತ ನೋವು ತಿನ್ನುತ್ತಾ ಕೂರಬೇಕಿಲ್ಲ. ಈ ನಡುವಿನ ಹೊತ್ತಿಗೆ ಸಾದಾ ಮಾರ್ಫಿನ್ ಇದೆ, ಬೇಗ ಕೆಲಸ ಮಾಡುವ 10 ಮಿ.ಗ್ರಾಂ. ಮಾತ್ರೆ. ಇಡೀ ದಿನದ ಮಾರ್ಫಿನ್‌ನ ಆರನೇ ಒಂದು ಭಾಗ ಅನ್ನುವುದು ಸಾಮಾನ್ಯ ಲೆಕ್ಕ, 60ಕ್ಕೆ 10 ಆಯಿತಲ್ವಾ. ಚೀಟಿಯಲ್ಲಿ ಬರೆದಿದ್ದಾರಾ ನೋಡಿ. ಇಲ್ಲದಿದ್ದರೆ ಈಗಲೇ ಫೋನ್ ಮಾಡಿ ಕೇಳಿ, ಎಷ್ಟು ಗಂಟೆಗೊಮ್ಮೆ ಕೊಡಬಹುದು ಅಂತಲೂ ಬರೆದುಕೊಳ್ಳಿ. ಸಾದಾ ಮಾತ್ರೆಯನ್ನು ಪುಡಿ ಮಾಡಿ ನೀರಲ್ಲಿ ಕಲಸಿ ಕೊಡಬಹುದು, ಮೂಗಿನ ಟ್ಯೂಬ್ ಇದ್ದರೆ ಅದರಲ್ಲೂ ಹಾಕಬಹುದು. ಎಸ್‌ಆರ್ ಮಾತ್ರೆಯನ್ನು ಮಾತ್ರ ಯಾವತ್ತೂ ಪುಡಿ ಮಾಡಬೇಡಿ. 12 ಗಂಟೆಗೆ ಅಂತ ಕಟ್ಟಿಟ್ಟ ಔಷಧಿ ಒಂದೇ ಸಲ ಒಳಗೆ ಹೋಗುತ್ತದೆ. ನುಂಗೋಕೆ ಆಗದವರ ಮನೆಯಲ್ಲಿ ಇದು ಎಷ್ಟು ಸಲ ನಡೆಯುತ್ತದೆ ಅಂದರೆ, ನಾನು ಮನೆಗೆ ಹೋದ ಕೂಡಲೇ ಕುಟ್ಟಾಣಿ ಎಲ್ಲಿದೆ ಅಂತ ಕೇಳುತ್ತೇನೆ.

ಇನ್ನು ಪ್ಯಾಚ್ ಎಲ್ಲಿ ಹಚ್ಚಿದ್ದೀರಿ? ತುಂಬಾ ಜನ ನೋವಿರುವ ಜಾಗಕ್ಕೇ ಅಂಟಿಸುತ್ತಾರೆ, ಸೊಂಟನೋವಿನ ಪ್ಲಾಸ್ಟರ್ ಥರ. ಇದು ಹಾಗಲ್ಲ, ಎದೆಯ ಮೇಲ್ಭಾಗ, ಬೆನ್ನು, ಮೇಲ್ದೋಳು ಎಲ್ಲಾದರೂ ಆದೀತು. ನಮ್ಮ ವಯಸ್ಸಾದವರ ಮೈಮೇಲೆ ಕೊಬ್ಬರಿ ಎಣ್ಣೆ ಇದ್ದೇ ಇರುತ್ತದೆ, ಅದರ ಮೇಲೆ ಪ್ಯಾಚ್ ಕೂರುವುದಿಲ್ಲ. ಒಂದು ಮೂಲೆ ಎದ್ದಿದ್ದರೂ ಔಷಧಿ ಕಮ್ಮಿ ಹೋಗುತ್ತದೆ. ಬರೀ ನೀರಲ್ಲಿ ತೊಳೆದು, ಚೆನ್ನಾಗಿ ಒರೆಸಿ, ಅಂಗೈಯಲ್ಲಿ ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಕೂದಲಿದ್ದರೆ ಕತ್ತರಿಯಲ್ಲಿ ಕತ್ತರಿಸಿ, ಬ್ಲೇಡ್ ಬೇಡ. 72 ಗಂಟೆಗೊಮ್ಮೆ ಹಳೆಯದನ್ನು ತೆಗೆದು ಬೇರೆ ಜಾಗದಲ್ಲಿ ಹೊಸದು. ತೆಗೆದದ್ದನ್ನು ಅಂಟು ಒಳಗೆ ಬರುವಂತೆ ಮಡಚಿ, ಮಕ್ಕಳ ಕೈಗೆ ಸಿಗದ ಹಾಗೆ ಮಾಡಿ. ಬಳಸಿದ ಪ್ಯಾಚ್‌ನಲ್ಲೂ ಮಗುವಿನ ಪ್ರಾಣ ತೆಗೆಯುವಷ್ಟು ಔಷಧಿ ಉಳಿದಿರುತ್ತದೆ.

ಶಾಖದ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ನೋವು ಅಂದ ಕೂಡಲೇ ಬಿಸಿನೀರಿನ ಚೀಲ ಇಡುವುದು ನಮ್ಮ ಅಭ್ಯಾಸ. ಪ್ಯಾಚ್ ಮೇಲೆ ಬಿಸಿ ತಾಗಿದರೆ ಔಷಧಿ ಬೇಗ ಬೇಗ ಒಳಗೆ ಇಳಿಯುತ್ತದೆ. ಸುಡುಸುಡು ನೀರಿನ ಸ್ನಾನ, ಹೀಟಿಂಗ್ ಪ್ಯಾಡ್ ಎಲ್ಲ ಒಂದೇ. ಜೋರು ಜ್ವರ ಬಂದರೂ ಹಾಗೇ ಆಗುತ್ತದೆ, ಅಂಥ ದಿನ ಡಾಕ್ಟರಿಗೆ ತಿಳಿಸಿ. ಬಾಯಿಯ ಫಂಗಸ್ ಹುಣ್ಣಿಗೆ ಅಂತ ಫ್ಲುಕೊನಜೋಲ್ ಕೊಟ್ಟಿದ್ದರೆ ಅದನ್ನೂ ಹೇಳಿ, ಅದೂ ಫೆಂಟನಿಲ್ ಪ್ರಮಾಣವನ್ನು ಏರಿಸುತ್ತದೆ.

ನೀವು ಕೇಳದಿದ್ದರೂ ಒಂದು ಮಾತು. ಮಾರ್ಫಿನ್‌ನಿಂದ ಫೆಂಟನಿಲ್‌ಗೆ ಬಂದ ಕೆಲವರಿಗೆ ನೋವು ಹಿಡಿತದಲ್ಲಿದ್ದರೂ ಮೊದಲ ಕೆಲವು ದಿನ ಬೆವರು, ಆಕಳಿಕೆ, ಚಡಪಡಿಕೆ, ಭೇದಿ ಆಗುತ್ತದೆ. ದೇಹ ಮಾರ್ಫಿನ್‌ಗೆ ಒಗ್ಗಿಹೋಗಿತ್ತು, ಅಷ್ಟೇ. ಇದನ್ನು ಚಟ ಅಂತ ಯಾರಾದರೂ ನೆಂಟರು ಬಂದು ಹೇಳಿದರೆ ತಲೆ ಕೆಡಿಸಿಕೊಳ್ಳಬೇಡಿ. ಮಲಬದ್ಧತೆಗೆ ಕೊಡುತ್ತಿದ್ದ ಔಷಧಿ ಮುಂದುವರಿಸಬೇಕಾ, ಕಮ್ಮಿ ಮಾಡಬೇಕಾ ಕೇಳಿ. ಫೆಂಟನಿಲ್‌ನಲ್ಲಿ ಆ ತೊಂದರೆ ಸಾಮಾನ್ಯವಾಗಿ ಸ್ವಲ್ಪ ಕಮ್ಮಿ.

ಇನ್ನೊಂದು ಕಾರಣಕ್ಕೂ ನೀವೇ ಲೆಕ್ಕ ಹಾಕಬಾರದು. ಒಂದು ಔಷಧಿಯಿಂದ ಇನ್ನೊಂದಕ್ಕೆ ಡೋಸ್ ಬದಲಿಸಲು ನೆಟ್‌ನಲ್ಲಿ ಸಿಗುವ ಪಟ್ಟಿಗಳು ಒಂದು ದಿಕ್ಕಿಗೆ ಮಾತ್ರ. ಮಾರ್ಫಿನ್‌ನಿಂದ ಪ್ಯಾಚ್‌ಗೆ ಅಂತ ಇರುವುದನ್ನು ತಿರುಗಿಸಿ ಪ್ಯಾಚ್‌ನಿಂದ ಮಾರ್ಫಿನ್‌ಗೆ ಬಳಸಿದರೆ ಡೋಸ್ ಜಾಸ್ತಿಯಾಗುತ್ತದೆ. ಒಂದು ಔಷಧಿಗೆ ಒಗ್ಗಿದ ದೇಹ ಇನ್ನೊಂದಕ್ಕೆ ಅಷ್ಟೇ ಒಗ್ಗಿರುವುದಿಲ್ಲ, ಅದಕ್ಕೇ ಬದಲಾಯಿಸುವಾಗ ಲೆಕ್ಕಕ್ಕೆ ಬಂದದ್ದರಲ್ಲಿ ಎಷ್ಟೋ ಸಲ ಕಾಲು ಭಾಗದಿಂದ ಅರ್ಧದವರೆಗೆ ಇಳಿಸಿ ಕೊಡುತ್ತಾರೆ. ಮೆಥಡೋನ್ ಅನ್ನುವ ಇನ್ನೊಂದು ನೋವಿನ ಔಷಧಿ ಆದರಂತೂ ಅದರ ಲೆಕ್ಕವೇ ಬೇರೆ, ಅನುಭವ ಇರುವ ಡಾಕ್ಟರು ಮಾತ್ರ ಮುಟ್ಟಬೇಕು.

ಇವತ್ತು, ನಾಳೆ, ನಾಡಿದ್ದು ನೀವು ಕಣ್ಣಿಡಬೇಕಾದದ್ದು ನೋವಿಗಿಂತ ನಿದ್ದೆಯ ಮೇಲೆ. ನಿದ್ದೆಗೆಟ್ಟವರು ಮಲಗುವುದು ಸಹಜ, ಕರೆದರೆ ಎದ್ದು ಮಾತಾಡಬೇಕು ಅಷ್ಟೇ. ಅಲುಗಾಡಿಸಿದರೂ ಸರಿಯಾಗಿ ಎಚ್ಚರವಾಗದಿದ್ದರೆ, ಉಸಿರು ನಿಮಿಷಕ್ಕೆ 10ಕ್ಕಿಂತ ಕಮ್ಮಿ ಇದ್ದರೆ, ಯಾವತ್ತೂ ಇಲ್ಲದ ಗೊರಕೆ ಬಂದರೆ ಪ್ಯಾಚ್ ತೆಗೆದು 108ಕ್ಕೆ ಫೋನ್ ಮಾಡಿ. ಪ್ಯಾಚ್ ಹಚ್ಚಿದ್ದು ಎಷ್ಟು ಗಂಟೆಗೆ, ಕೊನೆಯ ಮಾರ್ಫಿನ್ ಎಷ್ಟು ಗಂಟೆಗೆ ಅಂತ ಆಸ್ಪತ್ರೆಯವರಿಗೆ ಹೇಳಿ. ನಿದ್ದೆ ಮಾತ್ರೆ, ಆಲ್ಕೋಹಾಲ್ ಎರಡೂ ಈಗ ದೂರ ಇರಲಿ.

ಪ್ಯಾಚ್ ಡೂಪ್ಲಿಕೇಟಾ ಅಂತ ಕೇಳಿದಿರಿ. ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಗೆ 2014ರಲ್ಲಿ ತಿದ್ದುಪಡಿ ಆದ ಮೇಲೆ ಮಾರ್ಫಿನ್, ಫೆಂಟನಿಲ್ ಇವೆಲ್ಲ ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳ ಮೂಲಕ ಲೆಕ್ಕ ಇಟ್ಟು ಸಿಗುತ್ತವೆ. ಅಂಥ ಆಸ್ಪತ್ರೆಯಿಂದಲೇ ತಂದಿದ್ದರೆ ಆ ಅನುಮಾನ ಬಿಡಿ. ಮಿಕ್ಕಿರುವ ಎಸ್‌ಆರ್ ಮಾತ್ರೆಗಳನ್ನು ಅಲಮಾರಿನಲ್ಲಿ ಬೀಗ ಹಾಕಿಟ್ಟು, ಮುಂದಿನ ಸಲ ಹೋದಾಗ ಅಲ್ಲಿಗೇ ವಾಪಸ್ ಕೊಡಿ. ಈಗ ಫೋನ್ ಮಾಡುವಾಗ ಅಪ್ಪನ ಕ್ರಿಯಾಟಿನಿನ್ (ಕಿಡ್ನಿಯ ರಕ್ತಪರೀಕ್ಷೆ) ರಿಪೋರ್ಟ್ ಕೂಡ ಕೈಯಲ್ಲಿಟ್ಟುಕೊಳ್ಳಿ. ಕಿಡ್ನಿ ಸರಿ ಇಲ್ಲದಿದ್ದರೆ ಸಾದಾ ಮಾರ್ಫಿನ್ ಎಷ್ಟು ಕೊಡಬೇಕು ಅನ್ನುವುದು ಬದಲಾಗುತ್ತದೆ, ಅವರು ಮೊದಲು ಕೇಳುವುದೂ ಅದನ್ನೇ.